0.2 ಮಿ.ಮೀ. ಸ್ಟೇನ್‌ಲೆಸ್ ಶೀಟಿನಲ್ಲಿ ಎನ್‌ಕೋಡರ್ ಡಿಸ್ಕ್ ಎಚಿಂಗ್: ಸ್ಲಾಟು ಅಗಲವಾಗುತ್ತಿದೆ, ರೆಸಿಸ್ಟ್ ಏಳುತ್ತಿದೆ

ತೆಳುತಗಡು:

ನಮಸ್ಕಾರ. 304 ಸ್ಟೇನ್‌ಲೆಸ್ ಸ್ಟೀಲಿನ 0.2 ಮಿ.ಮೀ. ಶೀಟಿನಿಂದ ಆಪ್ಟಿಕಲ್ ಎನ್‌ಕೋಡರ್ ಡಿಸ್ಕ್ (ಶಾಫ್ಟು ಎಷ್ಟು ತಿರುಗಿತೆಂದು ಸ್ಲಾಟುಗಳ ಮೂಲಕ ಹಾಯುವ ಬೆಳಕಿನಿಂದ ಅಳೆಯುವ ಬಿಲ್ಲೆ) ಮಾಡಬೇಕಾಗಿದೆ. ಹೊರವ್ಯಾಸ 60 ಮಿ.ಮೀ., ನಡುವೆ 8 ಮಿ.ಮೀ. ರಂಧ್ರ, ಅಂಚಿನ ಸುತ್ತ 120 ಸ್ಲಾಟು. ಪ್ರತಿ ಸ್ಲಾಟಿನ ಉದ್ದ 5, ಅಗಲ 0.60, ಸ್ಲಾಟಿನ ಮಧ್ಯದ ತ್ರಿಜ್ಯ 26 ಮಿ.ಮೀ. ಬೆಳಕು ಹಾದುಹೋಗುವ ಅಗಲ 0.60ಕ್ಕೆ ಹೆಚ್ಚುಕಮ್ಮಿ 0.02ರೊಳಗೆ ಇರಬೇಕು.

ಈಗಿನ ವಿಧಾನ ಹೀಗಿದೆ. ಶೀಟನ್ನು ಅಸಿಟೋನಿನಲ್ಲಿ ಒರೆಸಿ, ಡ್ರೈ ಫಿಲ್ಮ್ ರೆಸಿಸ್ಟನ್ನು (ದ್ರಾವಣ ತಾಗದಂತೆ ಲೋಹವನ್ನು ಮುಚ್ಚುವ ಪದರ) ಒಂದೇ ಬದಿಗೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವುದು. ಹಿಂಬದಿಗೆ ಪ್ಯಾಕಿಂಗ್ ಟೇಪು. ಲೇಸರ್ ಪ್ರಿಂಟರಿನಲ್ಲಿ ತೆಗೆದ ಪಾರದರ್ಶಕ ಹಾಳೆ ಇಟ್ಟು ಯುವಿ ಬೆಳಕು, ಆಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ಡೆವಲಪ್. 1 ಲೀಟರ್ ನೀರಿಗೆ 500 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಹಾಕಿದ ದ್ರಾವಣ, 40 ಡಿಗ್ರಿ, ಟ್ರೇಯಲ್ಲಿ ಅಲುಗಾಡಿಸುತ್ತ 55 ನಿಮಿಷ.

ಬಂದ ಫಲಿತಾಂಶ: ಮುಂಬದಿಯಲ್ಲಿ ಸ್ಲಾಟು 0.92, ಹಿಂಬದಿಯಲ್ಲಿ 0.66. ಗೋಡೆ ಒರಟು. ಶೀಟಿನ ಅಂಚಿನ ಕಡೆಯ ಸ್ಲಾಟುಗಳು ಮೊದಲೇ ತೂತಾಗುತ್ತವೆ, ಒಳಗಿನವು ಹತ್ತು ನಿಮಿಷ ತಡ. ಕೆಲವು ಕಡೆ ರೆಸಿಸ್ಟ್ ಎದ್ದು ಅದರಡಿ ಕಲೆ ಬಿದ್ದಿದೆ. ಹೊರವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದರೆ ಒಂದು ದಿಕ್ಕಿಗೆ 59.9, ಅದಕ್ಕೆ ಅಡ್ಡಲಾಗಿ 59.7. ಎಲ್ಲಿಂದ ಸರಿಪಡಿಸುತ್ತ ಬರಬೇಕು?

ಮೈಕ್ರಾನ್_ಲೆಕ್ಕ:

ಅಳತೆ ಸಮೇತ ಬರೆದದ್ದು ಒಳ್ಳೆಯದಾಯಿತು. ಇಲ್ಲಿರುವುದು ನಾಲ್ಕೈದು ಬೇರೆ ಬೇರೆ ತಪ್ಪು, ಒಂದೊಂದಕ್ಕೂ ಕಾರಣ ಬೇರೆ. ದೊಡ್ಡದರಿಂದ ಶುರುಮಾಡೋಣ.

ಎಚಿಂಗ್ ದ್ರಾವಣಕ್ಕೆ ಕೆಳಗೆ, ಪಕ್ಕಕ್ಕೆ ಎಂಬ ಭೇದ ಇಲ್ಲ. ಲೋಹ ಎಲ್ಲಿ ಸಿಕ್ಕಿದರೂ ತಿನ್ನುತ್ತದೆ. ಹಾಗಾಗಿ ಆಳಕ್ಕೆ ಇಳಿಯುತ್ತಿದ್ದಂತೆ ರೆಸಿಸ್ಟಿನ ಅಂಚಿನಡಿಗೂ ನುಗ್ಗುತ್ತದೆ, ಅದೇ ಅಂಡರ್‌ಕಟ್. ಆಳವನ್ನು ಒಂದು ಬದಿಯ ಅಂಡರ್‌ಕಟ್ಟಿನಿಂದ ಭಾಗಿಸಿದರೆ ಬರುವುದು ಎಚ್ ಫ್ಯಾಕ್ಟರ್. ನಿಮ್ಮದರಲ್ಲಿ ಆಳ 0.20, ಅಂಡರ್‌ಕಟ್ ಬದಿಗೆ 0.16, ಅಂದರೆ ಫ್ಯಾಕ್ಟರ್ 1.25. ಟ್ರೇಯಲ್ಲಿ ಅಲುಗಾಡಿಸುವ ವಿಧಾನಕ್ಕೆ ಇದು ಕೆಟ್ಟ ಅಂಕಿಯೇನಲ್ಲ. ನಾಜಲ್‌ನಿಂದ ಒತ್ತಡದಲ್ಲಿ ಸಿಂಪಡಿಸಿದರೆ ಗುಂಡಿಯ ತಳಕ್ಕೆ ಹೊಸ ದ್ರಾವಣ ಬೇಗ ತಲುಪುವುದರಿಂದ 2ರ ಆಸುಪಾಸು, ಕೆಲವೊಮ್ಮೆ ಇನ್ನೂ ಮೇಲೆ ಹೋಗುತ್ತದೆ. ಆದರೆ ಸ್ಪ್ರೇ ಯಂತ್ರ ಕಟ್ಟುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಎರಡೂ ಬದಿಯಿಂದ ಎಚ್ ಮಾಡಿ.

ಎರಡೂ ಕಡೆ ಒಂದೇ ಚಿತ್ರ ಮೂಡಿಸಿ ಒಟ್ಟಿಗೆ ತಿನ್ನಿಸಿದರೆ ಪ್ರತಿ ಬದಿ ಇಳಿಯಬೇಕಾದ್ದು 0.1 ಮಾತ್ರ. ಅಂಡರ್‌ಕಟ್ಟೂ ಅರ್ಧ, ಸಮಯವೂ ಹತ್ತಿರಹತ್ತಿರ ಅರ್ಧ. ಎರಡು ಗುಂಡಿಗಳು ನಡುವೆ ಸಂಧಿಸಿದಾಗ ಗೋಡೆಯ ಮಧ್ಯದಲ್ಲಿ ಚೂಪಾದ ಏಣು ಉಳಿಯುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಆ ಏಣು ಕರಗುತ್ತ ಗೋಡೆ ನೇರವಾಗುತ್ತ ಬರುತ್ತದೆ, ಪೂರ್ತಿ ಹೋಗುವುದಿಲ್ಲ. ಇದನ್ನು ನೆನಪಿನಲ್ಲಿಡಿ, ಯಾಕೆಂದರೆ ಎನ್‌ಕೋಡರಿನಲ್ಲಿ ಬೆಳಕನ್ನು ತಡೆಯುವುದು ಮೇಲ್ಮೈ ಅಂಚಲ್ಲ, ಈ ಏಣು. ಮೈಕ್ರೋಸ್ಕೋಪಿನಲ್ಲಿ ಮೇಲಿನಿಂದ ಬೆಳಕು ಹಾಕಿ ನೋಡಿದರೆ ಕಾಣುವುದು ಮೇಲಂಚಿನ ಅಗಲ. ಕೆಳಗಿನಿಂದ ಬೆಳಕು ಬಿಟ್ಟರೆ ಕಪ್ಪು ಕಂಬಿಗಳ ನಡುವಿನ ಬಿಳಿ ಪಟ್ಟಿಯೇ ನಿಮಗೆ ಬೇಕಾದ ಅಗಲ. ಯಾವಾಗಲೂ ಎರಡನ್ನೂ ಅಳೆದು ಬೇರೆಬೇರೆ ಬರೆದಿಡಿ.

ಒರಟು ಗೋಡೆಗೆ ಕಾರಣ ದ್ರಾವಣ. 1 ಲೀಟರ್ ನೀರಿಗೆ 500 ಗ್ರಾಂ ಹೆಕ್ಸಾಹೈಡ್ರೇಟ್ ಅಂದರೆ ಫೆರಿಕ್ ಕ್ಲೋರೈಡ್ ತೂಕದಲ್ಲಿ ಬರೀ 20 ಶೇಕಡ. ಹೆಕ್ಸಾಹೈಡ್ರೇಟಿನ ತೂಕದಲ್ಲಿ 60 ಶೇಕಡ ಮಾತ್ರ ಅಸಲಿ ಕ್ಲೋರೈಡು, ಉಳಿದದ್ದು ಹರಳಿನೊಳಗಿನ ನೀರು. ಈ ಲೆಕ್ಕ ಬಹಳ ಜನರಿಗೆ ತಪ್ಪುತ್ತದೆ. ಸ್ಟೇನ್‌ಲೆಸ್ಸಿಗೆ ಬೇಕಾದದ್ದು 40 ಶೇಕಡದ ಹತ್ತಿರ, ಹೈಡ್ರೋಮೀಟರಿನಲ್ಲಿ 42 ಬೋಮೆ (ದ್ರಾವಣದ ಗಟ್ಟಿತನದ ಅಳತೆ), ಸಾಂದ್ರತೆ 1.41. ಇದಕ್ಕೆ 940 ಗ್ರಾಂ ಹೆಕ್ಸಾಹೈಡ್ರೇಟಿಗೆ 470 ಮಿ.ಲೀ. ನೀರು ಹಾಕಿದರೆ ಸುಮಾರು 1 ಲೀಟರ್ ದ್ರಾವಣ ಆಗುತ್ತದೆ. ತೆಳು ದ್ರಾವಣ ಸ್ಟೀಲಿನ ಕಣರಚನೆಯ ಗಡಿಗಳನ್ನು ಆರಿಸಿ ತಿನ್ನುವುದರಿಂದ ಮೈ ತರಿತರಿಯಾಗುತ್ತದೆ. ಗಟ್ಟಿ ದ್ರಾವಣದ ವೇಗ ಕೊಂಚ ಕಮ್ಮಿಯಾದರೂ ಮೈ ನುಣುಪು. ಕಳೆದುಕೊಂಡ ವೇಗವನ್ನು ತಾಪದಿಂದ ವಾಪಸು ಪಡೆಯಿರಿ: 50 ಡಿಗ್ರಿ, ಒಂದು ಡಿಗ್ರಿಗಿಂತ ಹೆಚ್ಚು ಅತ್ತಿತ್ತ ಆಗಬಾರದು.

ಅಂಚು ಮೊದಲು, ಒಳಗು ಆಮೇಲೆ ಎನ್ನುವುದು ಟ್ರೇಯ ಗುಣ. ಅಲೆ ಅಂಚಿನಲ್ಲಿ ಜೋರು, ನಡುವೆ ಮಂದ. ಮಲಗಿಸಿದ ಶೀಟಿನ ಮೇಲೆ ಬಳಸಿದ ದ್ರಾವಣ ಕೆರೆಯ ಹಾಗೆ ನಿಂತುಬಿಡುತ್ತದೆ. ಶೀಟನ್ನು ಲಂಬವಾಗಿ ತೂಗುಹಾಕುವ ಎತ್ತರದ ಪ್ಲಾಸ್ಟಿಕ್ ತೊಟ್ಟಿ ಮಾಡಿಕೊಳ್ಳಿ. ತಳದಲ್ಲಿ 1 ಮಿ.ಮೀ. ರಂಧ್ರಗಳ ಪಿವಿಸಿ ಪೈಪು ಹಾಕಿ ಏರ್ ಪಂಪಿನಿಂದ ಎರಡೂ ಬದಿಗೆ ಗುಳ್ಳೆ ಬಿಡಿ. ಎರಡು ನಿಮಿಷಕ್ಕೊಮ್ಮೆ ಶೀಟನ್ನು ತಲೆಕೆಳಗು ಮಾಡಿ, ಅದರ ಮುಂದಿನ ಸಲ ಮುಂಬದಿ ಹಿಂಬದಿ ತಿರುಗಿಸಿ. ಡಿಸ್ಕಿನ ಸುತ್ತ ಕನಿಷ್ಠ 20 ಮಿ.ಮೀ. ಅಂಚು ಬಿಟ್ಟು ಚೌಕಟ್ಟಿನಂತೆ ಉಳಿಸಿಕೊಳ್ಳಿ. ಬೇಗ ತಿನ್ನಿಸಿಕೊಳ್ಳುವ ಜಾಗ ಆ ಅಂಚೇ ಆಗಿರಲಿ.

ಡ್ರಾಯಿಂಗಿನಲ್ಲಿ ಪಾಲಿಸಬೇಕಾದ ಇನ್ನೊಂದು ನಿಯಮ: ತಿನ್ನಿಸುವ ಗೆರೆಗಳ ಅಗಲ ಎಲ್ಲೆಡೆ ಒಂದೇ ಇರಲಿ. ಅಗಲ ಜಾಗ ಬೇಗ ತೂತಾಗುತ್ತದೆ, ಇಕ್ಕಟ್ಟಿನದು ತಡ. 8 ಮಿ.ಮೀ. ರಂಧ್ರವನ್ನು ಪೂರ್ತಿ ಕರಗಿಸಲು ಹೋಗಬೇಡಿ. ಸುತ್ತ ಸ್ಲಾಟಿನಷ್ಟೇ ಅಗಲದ ಉಂಗುರ ತಿನ್ನಿಸಿದರೆ ಸಾಕು, ಒಳಗಿನ ಬಿಲ್ಲೆ ತಾನಾಗಿ ಬೀಳುತ್ತದೆ. ಹೊರ ಅಂಚಿಗೂ ಹಾಗೆಯೇ ಕಾಲುವೆ. ಡಿಸ್ಕು ತೊಟ್ಟಿಗೆ ಬೀಳದಂತೆ ಮೂರು ಕಡೆ 0.2 ಮಿ.ಮೀ. ಉಳಿಯುವ ಕೊಂಡಿ ಬಿಡಿ. ಅದನ್ನು ಒಂದು ಬದಿಯಲ್ಲಿ ಮಾತ್ರ ರೆಸಿಸ್ಟಿನಿಂದ ಮುಚ್ಚಿ, ಇನ್ನೊಂದು ಬದಿ ತೆರೆದಿಡಿ. ಕೊಂಡಿ ಅರ್ಧ ದಪ್ಪ ಆಗುವುದರಿಂದ ಬೆರಳಿನಲ್ಲಿ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಕೊಂಡಿಯ ಬುಡ ಡಿಸ್ಕಿನ ಅಂಚಿಗಿಂತ ಒಳಗೆ ಸಣ್ಣ ಹೊಂಡದಲ್ಲಿದ್ದರೆ ಮುರಿದ ಚೂರು ಹೊರಗೆ ಚಾಚುವುದಿಲ್ಲ.

ನಡುವಿನ ರಂಧ್ರವನ್ನು ಆಮೇಲೆ ಕೊರೆಯುವ ಆಲೋಚನೆ ಇದ್ದರೆ ಬಿಡಿ. ಅದೇ ಫಿಲ್ಮಿನಲ್ಲಿ ಮೂಡಿದ ರಂಧ್ರ ಸ್ಲಾಟುಗಳ ವೃತ್ತಕ್ಕೆ ತಾನಾಗಿ ಏಕಕೇಂದ್ರವಾಗಿರುತ್ತದೆ. ಎಚಿಂಗಿನ ಇನ್ನೊಂದು ಸೊಗಸು ಇಲ್ಲೇ ಇದೆ: ಅಂಡರ್‌ಕಟ್ ಸ್ಲಾಟಿನ ಎರಡೂ ಗೋಡೆಗೆ ಸಮನಾಗಿ ಬರುವುದರಿಂದ ಅಗಲ ತಪ್ಪಿದರೂ ಸ್ಲಾಟಿನ ಮಧ್ಯರೇಖೆ ಜರುಗುವುದಿಲ್ಲ. ಕೋನದ ನಿಖರತೆಯನ್ನು ಕೊಡುವುದು ಫಿಲ್ಮು, ಅಗಲದ ನಿಖರತೆಯನ್ನು ಕೊಡುವುದು ತೊಟ್ಟಿ.

ಬೆಳಕಿನ_ಅಂಚು:

ಮೇಲಿನ ಮಾತಿಗೆ ಫಿಲ್ಮಿನ ಕಡೆಯಿಂದ ಸೇರಿಸುತ್ತೇನೆ. 59.9 ಮತ್ತು 59.7ರ ನಡುವಿನ ವ್ಯತ್ಯಾಸ ಎಚಿಂಗಿನದಲ್ಲ, ಲೇಸರ್ ಪ್ರಿಂಟರಿನದು. ಫ್ಯೂಸರಿನ ಬಿಸಿಗೆ ಹಾಳೆ ಕುಗ್ಗುತ್ತದೆ, ಎಳೆದುಕೊಂಡು ಹೋಗುವ ದಿಕ್ಕಿಗೂ ಅಡ್ಡ ದಿಕ್ಕಿಗೂ ಒಂದೇ ಅಳತೆಯಲ್ಲಿ ಅಲ್ಲ. ಡಿಸ್ಕು ಮೊಟ್ಟೆಯಾಕಾರ ಆದರೆ ಸ್ಲಾಟುಗಳ ಕೋನದ ಅಂತರವೂ ಸುತ್ತಿನಲ್ಲಿ ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಎನ್‌ಕೋಡರಿಗೆ ಅದು ನೇರ ಹೊಡೆತ. ಜೊತೆಗೆ ಲೇಸರ್ ಟೋನರಿನ ಕಪ್ಪಿನಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ. ಅವುಗಳ ಮೂಲಕ ಬೆಳಕು ಸೋರಿ ಸ್ಲಾಟಿನೊಳಗೆ ರೆಸಿಸ್ಟಿನ ಚುಕ್ಕೆ ಗಟ್ಟಿಯಾದರೆ ಅಲ್ಲಿ ಲೋಹದ ದ್ವೀಪ ಉಳಿಯುತ್ತದೆ.

ಈ ನಿಖರತೆಗೆ 0.18 ಮಿ.ಮೀ. ಪಾಲಿಯೆಸ್ಟರ್ ಮೇಲೆ ಫೋಟೋಪ್ಲಾಟರಿನಲ್ಲಿ (ಫಿಲ್ಮಿನ ಮೇಲೆ ಬೆಳಕಿನಿಂದ ಚಿತ್ರ ಬರೆಯುವ ಯಂತ್ರ) ತೆಗೆದ ಫಿಲ್ಮೇ ಬೇಕು. ಇಂಕ್‌ಜೆಟ್ ಫಿಲ್ಮಿಗೆ ಬಿಸಿಯ ಕಾಟ ಇಲ್ಲ, ಆದರೂ 0.02ರ ಗುರಿಗೆ ಅದರ ಅಂಚು ಸಾಲದು. ಪ್ರಯೋಗದ ತುಂಡುಗಳಿಗೆ ಇಂಕ್‌ಜೆಟ್ ಬಳಸಿ, ಕೊನೆಯ ಕೆಲಸಕ್ಕೆ ಪ್ಲಾಟ್ ಮಾಡಿಸಿ. ಯಾವುದೇ ಫಿಲ್ಮಿನಲ್ಲಿ ಎರಡು ದಿಕ್ಕಿಗೂ 100 ಮಿ.ಮೀ. ಗೆರೆ ಹಾಕಿಸಿಕೊಂಡು ಮೊದಲು ಅದನ್ನು ಅಳೆಯಿರಿ.

ಎರಡು ಬದಿಯ ಫಿಲ್ಮಿನಲ್ಲಿ ಎಲ್ಲರೂ ಎಡವುವುದು ಕನ್ನಡಿಬಿಂಬದ ವಿಷಯದಲ್ಲಿ. ಕಪ್ಪು ಮೂಡಿದ ಮುಖ ರೆಸಿಸ್ಟಿಗೆ ತಾಗಿಕೊಂಡೇ ಇರಬೇಕು. ಕಪ್ಪು ಮೇಲ್ಮುಖವಾಗಿದ್ದರೆ ಫಿಲ್ಮಿನ ದಪ್ಪದಷ್ಟು ಜಾಗದಲ್ಲಿ ಬೆಳಕು ಓರೆಯಾಗಿ ನುಸುಳಿ ಅಂಚನ್ನು ಮಸುಕು ಮಾಡುತ್ತದೆ. ಆದ್ದರಿಂದ ಮುಂಬದಿಯ ಫಿಲ್ಮು ಕನ್ನಡಿಬಿಂಬವಾಗಿ, ಹಿಂಬದಿಯದು ಇದ್ದ ಹಾಗೆಯೇ ಮುದ್ರಣವಾಗಬೇಕು. ಸರಿಯಾಗಿದೆಯೇ ಎಂದು ನೋಡಲು ಎರಡರ ಕಪ್ಪು ಮುಖಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ, ಚಿತ್ರಗಳು ಕೂದಲೆಳೆಯಷ್ಟೂ ಬಿಡದೆ ಕೂಡಬೇಕು. ಈ ರೆಸಿಸ್ಟ್ ನೆಗೆಟಿವ್ ಜಾತಿಯದು. ಬೆಳಕು ಬಿದ್ದದ್ದು ಉಳಿಯುತ್ತದೆ. ಹಾಗಾಗಿ ಸ್ಲಾಟು, ಕಾಲುವೆ ಕಪ್ಪು. ಲೋಹ ಉಳಿಯಬೇಕಾದ ಜಾಗ ಪಾರದರ್ಶಕ.

ಜೋಡಿಸುವ ಬಗೆ: ಅದೇ 0.2 ಶೀಟಿನಿಂದ 15 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಎಲ್ ಆಕಾರಕ್ಕೆ ಎರಡು ಬದಿಯಲ್ಲಿಟ್ಟು, ಫಿಲ್ಮುಗಳನ್ನು ಅದರ ಮೇಲೆ ಕೆಳಗೆ ಅಂಟಿಸಿ ಲಕೋಟೆ ಮಾಡಿ. ಪಟ್ಟಿ ಇಲ್ಲದೆ ಒಂದು ಅಂಚನ್ನಷ್ಟೇ ಪುಸ್ತಕದಂತೆ ಅಂಟಿಸಿದರೆ ಶೀಟು ಒಳಗೆ ಹೋದಾಗ ಮೇಲಿನ ಫಿಲ್ಮು ಬಾಗಿ ಜರುಗುತ್ತದೆ. ನಾಲ್ಕು ಮೂಲೆಯಲ್ಲಿ ಅಡ್ಡಗೆರೆ ಗುರುತು ಹಾಕಿಸಿ. ಒಂದು ಫಿಲ್ಮಿನಲ್ಲಿ ಗೆರೆ 0.10, ಇನ್ನೊಂದರಲ್ಲಿ ನಡುವೆ 0.14 ಬಿಳಿ ಸಂದಿಯಿರುವ ಜೋಡಿಗೆರೆ. 10 ಪಟ್ಟು ಭೂತಗನ್ನಡಿಯಲ್ಲಿ ನೋಡುವಾಗ ಗೆರೆ ಸಂದಿಯ ನಡುವೆ ಕೂತಿದ್ದು, ಎರಡೂ ಕಡೆ ಸಮನಾದ ಬಿಳಿ ಎಳೆ ಕಂಡರೆ ಸರಿಯಾಯಿತು. ಮುಂದೆ ಹಿಂದೆ 0.05 ತಪ್ಪಿದರೆ ಸ್ಲಾಟು ಓರೆಯಾಗಿ, ಬೆಳಕಿನ ಅಗಲ ಸರಿಸುಮಾರು ಅಷ್ಟೇ ಕಿರಿದಾಗುತ್ತದೆ.

ರೆಸಿಸ್ಟ್ ಏಳುವುದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು ಶುಚಿ. ಅಸಿಟೋನ್ ಎಣ್ಣೆಯನ್ನು ಕರಗಿಸಿ ಅದೇ ಬಟ್ಟೆಯಿಂದ ಮತ್ತೆ ಹರಡುತ್ತದೆ. ಆಮೇಲೆ ಪ್ಯೂಮಿಸ್ ಪುಡಿ ಮತ್ತು ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಎರಡು ದಿಕ್ಕಿಗೂ ಉಜ್ಜಿ, ತೊಳೆದು, ಶೀಟನ್ನು ಎತ್ತಿ ಹಿಡಿಯಿರಿ. ನೀರಿನ ಪದರ 30 ಸೆಕೆಂಡು ಒಡೆಯದೆ ಮೈಗೆ ಹಾಸಿಕೊಂಡಿರಬೇಕು. ಎಲ್ಲಾದರೂ ಹಿಂಜರಿದು ಹನಿಗಟ್ಟಿತೋ, ಅಲ್ಲೇ ರೆಸಿಸ್ಟ್ ಏಳುತ್ತದೆ, ಮತ್ತೆ ಉಜ್ಜಿ. ಕೈಗವಸು ಇಲ್ಲದೆ ಮುಟ್ಟಬೇಡಿ. ಒಣಗಿಸಿ ತಡಮಾಡದೆ ಲ್ಯಾಮಿನೇಟ್ ಮಾಡಿ.

ಎರಡನೆಯದು ಇಸ್ತ್ರಿಪೆಟ್ಟಿಗೆ. ಅದರ ತಾಪವೂ ಒತ್ತಡವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಎರಡು ಬದಿಗೆ ಅಂಟಿಸುವಾಗಲಂತೂ ಸಾಧ್ಯವೇ ಇಲ್ಲ. ಬಿಸಿ ರೋಲರಿನ ಲ್ಯಾಮಿನೇಟರ್ ಬೇಕು. ರೋಲರು 105ರಿಂದ 110 ಡಿಗ್ರಿ, ನಿಮಿಷಕ್ಕೆ ಒಂದು ಮೀಟರಿಗಿಂತ ನಿಧಾನ. ಹೊರಬಂದ ಶೀಟು 45ರಿಂದ 55 ಡಿಗ್ರಿ ಬಿಸಿಯಿರಬೇಕು. ಲ್ಯಾಮಿನೇಟ್ ಆದ ಮೇಲೆ 15 ನಿಮಿಷ, ಬೆಳಕು ಕೊಟ್ಟ ಮೇಲೆ ಇನ್ನೊಂದು 15 ನಿಮಿಷ ಹಾಗೇ ಬಿಡಿ. ಈ ಕೆಲಸವೆಲ್ಲ ಹಳದಿ ಬೆಳಕಿನಲ್ಲಿ.

ಬೆಳಕಿನ ಅವಧಿಯನ್ನು ಅಂದಾಜಿಗೆ ಬಿಡಬೇಡಿ. 21 ಮೆಟ್ಟಿಲಿನ ಸ್ಟೌಫರ್ ಪಟ್ಟಿಯನ್ನು (ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಹೆಚ್ಚುತ್ತ ಹೋಗುವ ಫಿಲ್ಮು) ಶೀಟಿನ ಮೂಲೆಯಲ್ಲಿಟ್ಟು ಡೆವಲಪ್ ಮಾಡಿದರೆ 7 ಅಥವಾ 8ನೇ ಮೆಟ್ಟಿಲಿನವರೆಗೆ ರೆಸಿಸ್ಟ್ ಉಳಿಯಬೇಕು, ನಿಮ್ಮ ಫಿಲ್ಮಿನ ಮಾಹಿತಿ ಪತ್ರದಲ್ಲಿ ಬೇರೆ ಅಂಕಿ ಇದ್ದರೆ ಅದನ್ನು ಹಿಡಿಯಿರಿ. ಎರಡು ಮೆಟ್ಟಿಲು ಮೇಲೇರಬೇಕಾದರೆ ಸಮಯ ಎರಡು ಪಟ್ಟು. ಕಮ್ಮಿ ಬೆಳಕು ಬಿದ್ದ ರೆಸಿಸ್ಟ್ ನೋಡಲು ಚೆನ್ನಾಗಿಯೇ ಇರುತ್ತದೆ, ಬಿಸಿ ಫೆರಿಕ್ ಕ್ಲೋರೈಡಿನಲ್ಲಿ ಹತ್ತು ನಿಮಿಷ ಕಳೆದ ಮೇಲೆ ಕೈಕೊಡುತ್ತದೆ. ಡೆವಲಪರ್: ಲೀಟರಿಗೆ 10 ಗ್ರಾಂ ಸೋಡಿಯಂ ಕಾರ್ಬೊನೇಟ್, 30 ಡಿಗ್ರಿ. ಲೋಹ ಮೊದಲು ಇಣುಕಿದ ಕ್ಷಣ ಒಟ್ಟು ಸಮಯದ ಅರ್ಧ ದಾಟಿದ ಜಾಗದಲ್ಲಿರಬೇಕು. ಉದಾಹರಣೆಗೆ 35 ಸೆಕೆಂಡಿಗೆ ಕಂಡರೆ 60ರಿಂದ 65ಕ್ಕೆ ತೆಗೆದು ತೊಳೆಯಿರಿ.

ಚುರುಕು_ಕೈ:

ಫೆರಿಕ್ ಕ್ಲೋರೈಡ್ ಇಷ್ಟು ನಿಧಾನ ಆದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಮಾಡಬಹುದಲ್ಲ? ಅಥವಾ ಉಪ್ಪುನೀರಿನಲ್ಲಿ ಬ್ಯಾಟರಿ ಕೊಟ್ಟು? ಪಿಸಿಬಿಗೆ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು) ಮೊದಲನೆಯದು ಚೆನ್ನಾಗಿ ಕೆಲಸ ಮಾಡುತ್ತದೆ.

ದ್ರಾವಣ_ಬಲ್ಲವ:

ಎರಡೂ ಬೇಡ. ಪಿಸಿಬಿಯಲ್ಲಿ ತಿನ್ನಬೇಕಾದದ್ದು 35 ಮೈಕ್ರಾನ್ ತಾಮ್ರ, ಇಲ್ಲಿ 200 ಮೈಕ್ರಾನ್ ಸ್ಟೇನ್‌ಲೆಸ್. ಆಮ್ಲ ಮತ್ತು ಪೆರಾಕ್ಸೈಡಿನ ಮಿಶ್ರಣ ಸ್ಟೇನ್‌ಲೆಸ್ಸನ್ನು ಸಮನಾಗಿ ತಿನ್ನದೆ ಗುಳಿ ಬೀಳಿಸುತ್ತದೆ, ತಾನೇ ಬಿಸಿಯಾಗುತ್ತ ಹೋಗುತ್ತದೆ, ಕ್ಲೋರಿನ್ ಅನಿಲ ಬಿಡುತ್ತದೆ. ಉಪ್ಪುನೀರಿನ ವಿದ್ಯುತ್ ವಿಧಾನದಲ್ಲಿ ಸ್ಟೇನ್‌ಲೆಸ್ಸಿನ ಕ್ರೋಮಿಯಂ ಆರು ವೇಲೆನ್ಸಿಯ ರೂಪಕ್ಕೆ ಹೋಗುವ ಅಪಾಯ ಇದೆ. ಅದು ಕ್ಯಾನ್ಸರ್ ತರುವ ವಸ್ತು. ಫೆರಿಕ್ ಕ್ಲೋರೈಡಿನಲ್ಲಿ ಕ್ರೋಮಿಯಂ ಮೂರು ವೇಲೆನ್ಸಿಯಲ್ಲೇ ಕರಗಿರುತ್ತದೆ. ಅದೂ ನಿರುಪದ್ರವಿ ಅಲ್ಲ, ಆದರೆ ಆ ಮಟ್ಟದ ವಿಷವಲ್ಲ.

ಇಲ್ಲಿ ನಡೆಯುವ ಕ್ರಿಯೆ ಸರಳ: ಎರಡು ಫೆರಿಕ್ ಅಯಾನು ಒಂದು ಕಬ್ಬಿಣದ ಪರಮಾಣುವನ್ನು ಕರಗಿಸಿ, ಮೂರು ಫೆರಸ್ ಆಗುತ್ತವೆ. 42 ಬೋಮೆ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 3.5 ಮೋಲ್ ಫೆರಿಕ್ ಇರುತ್ತದೆ. ಕಾಗದದ ಲೆಕ್ಕಕ್ಕೆ 97 ಗ್ರಾಂ ಕಬ್ಬಿಣ ಕರಗಬೇಕು. ವೇಗ ಅದಕ್ಕಿಂತ ಬಹಳ ಮೊದಲೇ ಕುಸಿಯುತ್ತದೆ, ಹಾಗಾಗಿ ಕಾಲುಭಾಗಕ್ಕೆ, ಅಂದರೆ ಲೀಟರಿಗೆ 24 ಗ್ರಾಂ ಆದಾಗ ದ್ರಾವಣ ಬದಲಾಯಿಸಿ. ನಿಮ್ಮ ಡಿಸ್ಕಿನಲ್ಲಿ ಸ್ಲಾಟು, ಉಂಗುರ, ಕಾಲುವೆ ಸೇರಿ ಕರಗುವುದು ಒಂದು ಗ್ರಾಮೂ ಇಲ್ಲ. ಹಾಗಾಗಿ 55 ನಿಮಿಷ ಹಿಡಿದದ್ದು ದ್ರಾವಣ ಸತ್ತದ್ದರಿಂದ ಅಲ್ಲ. ತಾಪ ಕಮ್ಮಿ, ಕಲಕುವಿಕೆ ಕಮ್ಮಿ, ಒಂದೇ ಬದಿ. ತೊಟ್ಟಿಯಲ್ಲಿ ತುಕ್ಕುಬಣ್ಣದ ಗಸಿ ಕಂಡರೆ ಲೀಟರಿಗೆ 35 ಶೇಕಡದ ಹೈಡ್ರೋಕ್ಲೋರಿಕ್ ಆಮ್ಲ 15ರಿಂದ 20 ಮಿ.ಲೀ. ಹಾಕಿ. ಅದಕ್ಕಿಂತ ಹೆಚ್ಚು ಬೇಡ, ರೆಸಿಸ್ಟಿನ ಅಂಟು ಸಡಿಲವಾಗುತ್ತದೆ.

ತೊಟ್ಟಿಯ ಸಾಮಾನು ಪಾಲಿಪ್ರೊಪಿಲೀನ್ ಅಥವಾ ಪಿವಿಸಿ. ತೂಗುಹಾಕುವ ಕೊಕ್ಕೆ ಪಾಲಿಪ್ರೊಪಿಲೀನ್ ದಾರವೋ ಟೈಟಾನಿಯಂ ತಂತಿಯೋ ಆಗಿರಲಿ. ಸ್ಟೇನ್‌ಲೆಸ್ ಹೀಟರ್ ಹಾಕಿದರೆ ದ್ರಾವಣ ಡಿಸ್ಕಿಗಿಂತ ಮೊದಲು ಹೀಟರನ್ನೇ ತಿಂದು, ಒಳಗಿನ ವಿದ್ಯುತ್ ತಂತಿಯನ್ನು ತಲುಪುತ್ತದೆ. ಎಚಿಂಗ್ ತೊಟ್ಟಿಯನ್ನು ಬಿಸಿನೀರಿನ ದೊಡ್ಡ ತೊಟ್ಟಿಯೊಳಗೆ ಇಟ್ಟು, ನೀರನ್ನು ಕಾಯಿಸುವುದು ಎಲ್ಲಕ್ಕಿಂತ ಸುರಕ್ಷಿತ. ಗುಳ್ಳೆ ಒಡೆದಾಗ ಏಳುವ ತುಂತುರು ಮುಚ್ಚಳವಿಲ್ಲದ ತೊಟ್ಟಿಯಿಂದ ಕೋಣೆಯಲ್ಲೆಲ್ಲ ಹರಡಿ, ಅಲ್ಲಿರುವ ಡ್ರಿಲ್ಲು, ವೈಸು, ಸ್ಕೇಲು ಎಲ್ಲವನ್ನೂ ತುಕ್ಕು ಹಿಡಿಸುತ್ತದೆ. ಮುಚ್ಚಳ ಇರಲಿ, ಗಾಳಿ ಹೊರಹೋಗಲಿ, ಕನ್ನಡಕ ಮತ್ತು ನೈಟ್ರೈಲ್ ಕೈಗವಸು ತೆಗೆಯಲೇಬೇಡಿ.

ಅಲ್ಯೂಮಿನಿಯಂ ತುಂಡು ಈ ದ್ರಾವಣಕ್ಕೆ ಬೀಳಬಾರದು. ಕುದಿಯುವಷ್ಟು ಬಿಸಿಯಾಗಿ, ಹೈಡ್ರೋಜನ್ ಬಿಟ್ಟು, ತೊಟ್ಟಿಯಿಂದ ಉಕ್ಕುತ್ತದೆ. ಹರಳಿನ ಬದಲು ನೀರಿಲ್ಲದ ಕಪ್ಪು ಪುಡಿ ಸಿಕ್ಕಿದ್ದರೆ ತಣ್ಣೀರಿಗೆ ಪುಡಿಯನ್ನು ಚಮಚ ಚಮಚವಾಗಿ ಹಾಕಿ. ಪುಡಿಯ ಮೇಲೆ ನೀರು ಸುರಿಯಬೇಡಿ, ಆಮ್ಲದ ಹೊಗೆ ಮುಖಕ್ಕೆ ಬರುತ್ತದೆ. ಆ ಪುಡಿಗೆ ಮೇಲಿನ 940 ಗ್ರಾಮಿನ ಲೆಕ್ಕ ಹೊಂದುವುದಿಲ್ಲ. ಲೀಟರ್ ದ್ರಾವಣಕ್ಕೆ ಸುಮಾರು 565 ಗ್ರಾಂ.

ಬಳಸಿದ ದ್ರಾವಣ ಚರಂಡಿಗೆ ಹೋಗಬಾರದು, ಅದರಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂ ಇದೆ. ಸುಣ್ಣದ ಹಿಟ್ಟನ್ನು ನೀರಿನಲ್ಲಿ ಕಲಸಿ, ನಿಧಾನವಾಗಿ ಸೇರಿಸುತ್ತ ಪಿಎಚ್ 9ರಿಂದ 9.5ಕ್ಕೆ ತನ್ನಿ. ವಾಷಿಂಗ್ ಸೋಡಾ ಹಾಕಿದರೂ ಆಗುತ್ತದೆ, ಆದರೆ ನೊರೆ ಪಾತ್ರೆಯ ಮೂರು ಪಟ್ಟು ಎದ್ದು ಚೆಲ್ಲುತ್ತದೆ. ಲೋಹಗಳು ಕೆಸರಾಗಿ ಇಳಿಯುತ್ತವೆ. ಒಂದು ದಿನ ಬಿಟ್ಟು ಸೋಸಿ, ಕೆಸರನ್ನೂ ತಿಳಿಯನ್ನೂ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ತೆಳುತಗಡು:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಬದಲಾಯಿಸಿ, ಡಿಸ್ಕಿಗೆ ಹೋಗದೆ ಪ್ರಯೋಗದ ತುಂಡು ಮಾಡಿದೆ: 42 ಬೋಮೆ, 50 ಡಿಗ್ರಿ, ಲಂಬ ತೊಟ್ಟಿ, ಗುಳ್ಳೆ, ಎರಡೂ ಬದಿ. ಫಿಲ್ಮಿನ ಗೆರೆ 0.30. 18 ನಿಮಿಷಕ್ಕೆ ತೂತಾಯಿತು, 22ಕ್ಕೆ ತೆಗೆದೆ. ಮೇಲಿನ ಬೆಳಕಿನಲ್ಲಿ 0.49, ಕೆಳಗಿನ ಬೆಳಕಿನಲ್ಲಿ 0.44. ಗೋಡೆ ನುಣುಪಾಗಿದೆ, ರೆಸಿಸ್ಟ್ ಎಲ್ಲೂ ಏಳಲಿಲ್ಲ. ತುಂಡಿನ ಮೇಲ್ತುದಿಗೂ ಕೆಳತುದಿಗೂ 0.01 ವ್ಯತ್ಯಾಸ. ಫಿಲ್ಮಿನಲ್ಲಿ ಸ್ಲಾಟು, ಹೊರವ್ಯಾಸ, ರಂಧ್ರ ಯಾವ ಅಳತೆಗೆ ಹಾಕಿಸಲಿ? ತೆಗೆದ ಮೇಲೆ ಸ್ಲಾಟಿನೊಳಗೆ ಕಂದು ಬಣ್ಣ ಉಳಿದಿದೆ, ಅದಕ್ಕೇನು ಮಾಡಬೇಕು?

ಮೈಕ್ರಾನ್_ಲೆಕ್ಕ:

ಅಂಕಿಗಳು ಚೆನ್ನಾಗಿವೆ. ಬೆಳಕಿನ ಅಗಲ 0.30ರಿಂದ 0.44ಕ್ಕೆ ಬಂದಿದೆ, ಅಂದರೆ ಒಟ್ಟು 0.14, ಪ್ರತಿ ಗೋಡೆಗೆ 0.07. ಏಣು ಪ್ರತಿ ಬದಿ 0.025 ಚಾಚಿಕೊಂಡಿದೆ. ಸ್ಲಾಟನ್ನು ಫಿಲ್ಮಿನಲ್ಲಿ 0.46 ಅಗಲಕ್ಕೆ ಹಾಕಿ. ಉದ್ದಕ್ಕೂ ಅದೇ 0.14 ಕಳೆಯಿರಿ, 4.86. ಹೊರವ್ಯಾಸದಲ್ಲಿ ಏಣು ಹೊರಕ್ಕೆ ಚಾಚುತ್ತದೆ, ಕ್ಯಾಲಿಪರ್ ತಾಗುವುದೂ ಅದಕ್ಕೇ. ಹಾಗಾಗಿ ಫಿಲ್ಮಿನಲ್ಲಿ 60.14. ರಂಧ್ರದಲ್ಲಿ ಶಾಫ್ಟು ತಾಗುವುದು ಒಳಕ್ಕೆ ಚಾಚಿದ ಏಣಿಗೆ; ಫಿಲ್ಮಿನಲ್ಲಿ 7.86. ಶಾಫ್ಟನ್ನು ಬಿಗಿಯಾಗಿ ತೂರಿಸುವ ಯೋಚನೆ ಇದ್ದರೆ ಏಣು ಮೊದಲ ಸಲವೇ ಸವೆದು ಸಡಿಲವಾಗುತ್ತದೆ. ಸಡಿಲ ಕೂಡಿಕೆ ಇಟ್ಟು, ಹಬ್ಬಿನ (ಡಿಸ್ಕನ್ನು ಶಾಫ್ಟಿಗೆ ಕೂರಿಸುವ ಭಾಗ) ಮೇಲೆ ಕೇಂದ್ರ ನೋಡಿ ಅಂಟಿಸುವುದು ವಾಸಿ.

ಕಾಲುವೆ ಮತ್ತು ಉಂಗುರವೂ 0.46 ಇರಲಿ. ಕೊಂಡಿ 0.2 ಉಳಿಯಬೇಕಾದರೆ ಫಿಲ್ಮಿನಲ್ಲಿ 0.40 ಹಾಕಿ. ಒಂದೇ ಬದಿ ಮುಚ್ಚಿರುವುದರಿಂದ ಎರಡೂ ಪಕ್ಕದಿಂದ ಮೇಲ್ಮೈಯಲ್ಲಿ 0.095ರಂತೆ ಸವೆಯುತ್ತದೆ.

ಪ್ಲಾಟ್ ಮಾಡಿಸುವ ಮೊದಲು 0.46 ಗೆರೆಯಲ್ಲಿ ಇನ್ನೊಂದು ತುಂಡು ಮಾಡಿ. ಅಗಲ ಗೆರೆಗೆ ದ್ರಾವಣ ಸುಲಭವಾಗಿ ನುಗ್ಗುವುದರಿಂದ 18 ನಿಮಿಷಕ್ಕಿಂತ ತುಸು ಬೇಗ ತೂತಾಗುತ್ತದೆ, 0.14ರ ಅಂಕಿಯೂ ಒಂದೆರಡು ನೂರನೇ ಭಾಗ ಬದಲಾಗಬಹುದು. ತುಂಡಿನಲ್ಲಿ 0.44, 0.46, 0.48 ಮೂರೂ ಇದ್ದರೆ ಒಂದೇ ಸಲಕ್ಕೆ ತಿಳಿಯುತ್ತದೆ. ಆಮೇಲೆ ಗಡಿಯಾರ ನೋಡಿ ತೆಗೆಯುವ ಬದಲು ತೂತಾದ ಕ್ಷಣದಿಂದ ಎಣಿಸಿ. ತೂತಾದ ಸಮಯದ ಮೇಲೆ ಐದನೇ ಒಂದು ಭಾಗಕ್ಕಿಂತ ಚೂರು ಹೆಚ್ಚು, ಈಗ ನೀವು ಕೊಟ್ಟದ್ದೂ ಅಷ್ಟೇ. ದ್ರಾವಣ ಹಳತಾಗುತ್ತ ತೂತಾಗುವುದು 20, 21 ನಿಮಿಷಕ್ಕೆ ಸರಿದರೂ ಈ ಅನುಪಾತ ಹಿಡಿದರೆ ಅಗಲ ಹೆಚ್ಚು ಕದಲುವುದಿಲ್ಲ. ಶೀಟು ಬದಲಾದಾಗ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ, 0.2 ಎಂದು ಬರೆದದ್ದು 0.19 ಇರಬಹುದು. 0.2 ಶೀಟಿಗೆ 0.02, ಅಂದರೆ ದಪ್ಪದ ಹತ್ತನೇ ಒಂದು ಭಾಗ, ಈ ವಿಧಾನ ಕೊಡಬಲ್ಲ ನಿಖರತೆಯ ಗಡಿ. ತುದಿಯಿಂದ ತುದಿಗೆ 0.01 ಈಗಲೇ ಅದರ ಅರ್ಧ ತಿನ್ನುತ್ತಿದೆ. ತಲೆಕೆಳಗು ಮಾಡುವುದನ್ನು ಒಂದು ನಿಮಿಷಕ್ಕೊಮ್ಮೆ ಮಾಡಿ ನೋಡಿ.

ಕಂದು ಬಣ್ಣ ಕಬ್ಬಿಣದ ಹೈಡ್ರಾಕ್ಸೈಡು. ತೊಟ್ಟಿಯಿಂದ ತೆಗೆದ ಶೀಟನ್ನು ನೇರ ನೀರಿಗೆ ಹಾಕಿದರೆ ಸ್ಲಾಟಿನಲ್ಲಿ ಉಳಿದ ದ್ರಾವಣ ತೆಳುವಾಗಿ ಗಸಿಯಾಗುತ್ತದೆ. ಮೊದಲು 5 ಶೇಕಡದ ಸಿಟ್ರಿಕ್ ಆಮ್ಲದಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಹರಿಯುವ ನೀರು. ರೆಸಿಸ್ಟನ್ನು ಲೀಟರಿಗೆ 30 ಗ್ರಾಂ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ, 50 ಡಿಗ್ರಿಗೆ ತೆಗೆಯಿರಿ, ಹೊಪ್ಪಳಿಕೆಯಾಗಿ ಕಳಚಿಕೊಳ್ಳುತ್ತದೆ. ಕೊನೆಯಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಡಿಸ್ಟಿಲ್ಡ್ ವಾಟರ್. ಏಣಿನ ಬುಡದಲ್ಲಿ ಕ್ಲೋರೈಡ್ ಉಳಿದರೆ 304 ಆದರೂ ಕೆಲವು ವಾರಕ್ಕೆ ಅಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಕೊಂಡಿಗಳನ್ನು ಮುರಿಯುವುದು ಇದೆಲ್ಲ ಮುಗಿದ ಮೇಲೆ, ಚೌಕಟ್ಟಿನಲ್ಲಿ ಇರುವಷ್ಟು ಹೊತ್ತು ಡಿಸ್ಕು ಬಾಗುವುದಿಲ್ಲ.